ಪಾಪ್‌ಕಾರ್ನ್ ಸಾಲಿನ ಸಿಪಾಯಿ

ಶುಕ್ರವಾರ ಸಂಜೆ ಹೈಸ್ಕೂಲ್ ಹುಡುಗರ ಫುಟ್‌ಬಾಲ್ ಶುರುವಾಗುವ ಮೊದಲು ಧ್ವನಿವರ್ಧಕದಲ್ಲಿ ಒಂದು ಮಾತು ಬರುತ್ತದೆ: ಸೇನೆಯಲ್ಲಿ ಸೇವೆ ಸಲ್ಲಿಸಿದವರು ದಯವಿಟ್ಟು ಎದ್ದು ನಿಲ್ಲಿ. ಕ್ಯಾನ್ಸಸ್‌ನ ಆ ಸಣ್ಣ ಊರಿನ ಕ್ರೀಡಾಂಗಣದಲ್ಲಿ ಅಲ್ಲೊಬ್ಬರು ಇಲ್ಲೊಬ್ಬರು ಟೋಪಿ ತೆಗೆದು ಏಳುತ್ತಾರೆ. ಉಳಿದವರು ಚಪ್ಪಾಳೆ ತಟ್ಟುತ್ತಾರೆ. ಆ ಹೊತ್ತಿಗೆ ಥರ್ಮನ್ ಬೆಕ್ ತಪ್ಪದೆ ಪಾಪ್‌ಕಾರ್ನ್ ಸಾಲಿನಲ್ಲಿರುತ್ತಿದ್ದ.

ಕೂತರೂ ಸುಳ್ಳು, ಎದ್ದರೂ ಸುಳ್ಳು ಅನ್ನಿಸುತ್ತಿತ್ತು ಅವನಿಗೆ. ಸಿಪಾಯಿಯಾಗಿದ್ದದ್ದು ನಿಜ. ಅಫ್ಘಾನಿಸ್ತಾನದಿಂದ ಮರಳಿದ ಬೇಸಿಗೆಯಲ್ಲಿ ಯಾರಿಗೂ ಹೇಳದೆ ಸೇನಾ ನೆಲೆಯ ಗೇಟು ದಾಟಿ ಹೋಗಿ, ಲೂಯಿಸಿಯಾನದ ಒಂದು ಕೆರೆದಡದಲ್ಲಿ ಎರಡು ತಿಂಗಳು ಮೀನು ಹಿಡಿಯುತ್ತ ಕೂತದ್ದೂ ನಿಜ. ತಾನಾಗಿಯೇ ಹಿಂತಿರುಗಿದ. ಸೇನೆ ಗೌರವದ ಬಿಡುಗಡೆ ಕೊಡದೆ ಮನೆಗೆ ಕಳಿಸಿತು.

ಅದಾಗಿ ಹತ್ತು ವರ್ಷ. ಎಷ್ಟೋ ಅರ್ಜಿ ಹಾಕಿದ ಮೇಲೆ, ಹೋದ ವರ್ಷ ಅವನ ದಾಖಲೆಯಲ್ಲಿನ ಆ ಕಳಂಕವನ್ನು ಸೇನೆಯವರು ಸ್ವಲ್ಪ ತಿಳಿ ಮಾಡಿದ್ದರು. ಮತ್ತೆ ಸೇರಿಸಿಕೊಳ್ಳುತ್ತಾರೋ ಇಲ್ಲವೋ ಎಂಬುದನ್ನು ಭರ್ತಿ ಕಚೇರಿಯ ಸಾರ್ಜೆಂಟ್ ಇಬಾರಾ ಇವತ್ತು ಫೋನ್ ಮಾಡಿ ಹೇಳುವುದಿತ್ತು.

"ಆ ಫೋನನ್ನ ಹಾಗೆ ನೋಡ್ತಿದ್ರೆ ಅದಕ್ಕೂ ನಾಚಿಕೆಯಾಗತ್ತೆ ಕಣೋ," ಎಂದ ಮೈದಾನದ ಬೆಂಚಿನಲ್ಲಿ ಪಕ್ಕಕ್ಕೆ ಕೂತಿದ್ದ ಡ್ಯೂಯಿ ಮಾವ. ಹಿಂದೆ ನೌಕಾಪಡೆಯಲ್ಲಿದ್ದವನು. ಮಂಡಿ ಸವೆದಿತ್ತು, ನಾಲಿಗೆ ಸವೆದಿರಲಿಲ್ಲ.

ಫೋನ್ ಬಂತು.

"ಒಪ್ಪಿದಾರೆ," ಎಂದ ಇಬಾರಾ. "ಆದ್ರೆ ತಳದಿಂದ ಶುರು ಮಾಡ್ಬೇಕು. ತರಬೇತಿನೂ ಮತ್ತೆ ಮೊದಲಿಂದ. ನಿನ್ ಮೇಲೆ ಕಿರುಚೋನು ನಿನಗಿಂತ ಚಿಕ್ಕೋನು. ಬರ್ತೀಯಾ?"

"ಬರ್ತೀನಿ."

"ಯೋಚನೆ ಮಾಡಿ ಸೋಮವಾರ ಹೇಳು ಮಾರಾಯ."

"ಮಾಡಿದೀನಿ ಸಾರ್ಜೆಂಟ್."

ಡ್ಯೂಯಿ ಮಾವ ಮೈದಾನದ ಕಡೆಗೇ ನೋಡುತ್ತಿದ್ದ. "ಯಾರಿಗೋಸ್ಕರ ಹೋಗ್ತೀಯ? ನಿನ್ ಆ ಹುಡುಗ್ರು ಯಾರೂ ಇಲ್ವಲ್ಲೋ ಅಲ್ಲಿ."

ಇರಲಿಲ್ಲ. ಬೀಸ್ಲಿ ಅಮರಿಲ್ಲೋದಲ್ಲಿ ಟೈರ್ ಮಾರುತ್ತಿದ್ದ. ಕ್ಯಾಸ್ಟೆಲಾನೋ ಆ ಬೇಸಿಗೆಗೆ ಮೊದಲೇ ತೀರಿಹೋಗಿದ್ದ, ಕಂದಹಾರದ ರಸ್ತೆಯಲ್ಲಿ.

ಥರ್ಮನ್‌ಗೆ ಯುದ್ಧ ಅಷ್ಟಾಗಿ ನೆನಪಾಗುತ್ತಿರಲಿಲ್ಲ. ನೆನಪಾಗುತ್ತಿದ್ದದ್ದು ಜಾರ್ಜಿಯಾದ ಬ್ಯಾರಕ್ಕು, ಭಾನುವಾರದ ಬೆಳಗು. ಉದ್ದನೆಯ ಪಡಸಾಲೆಗೆ ಮೇಣ ಹಾಕಿ ಯಂತ್ರದಿಂದ ಉಜ್ಜಬೇಕಿತ್ತು. ಭಾರವಿದ್ದರೆ ಹೊಳಪು ಚೆನ್ನಾಗಿ ಬರುತ್ತದೆಂದು ಕ್ಯಾಸ್ಟೆಲಾನೋ ಯಂತ್ರದ ಮೇಲೆಯೇ ಕೂರುತ್ತಿದ್ದ, ಕೈಯಲ್ಲಿ ಕಾಫಿ ಲೋಟ. ಥರ್ಮನ್ ತಳ್ಳುತ್ತಿದ್ದ. "ಡ್ರೈವರ್, ನಿಧಾನ. ಗರ್ಭಿಣಿ ಇದೀನಿ," ಎನ್ನುತ್ತಿದ್ದ ಕ್ಯಾಸ್ಟೆಲಾನೋ. ಬೀಸ್ಲಿ ಬಾಗಿಲಲ್ಲಿ ನಿಂತು ಟಿಕೆಟ್ ಕೇಳುತ್ತಿದ್ದ. ಕೊನೆಗೆ ಮೂವರೂ ಶೂ ಬಿಚ್ಚಿ, ಸಾಕ್ಸಿನಲ್ಲಿ ಅಂಚಿಗೆ ನಿಂತು ಒಂದು ಕ್ಷಣ ನೋಡುತ್ತಿದ್ದರು. ಕಿಟಕಿಗಳೆಲ್ಲ ಆ ನೆಲದಲ್ಲಿ ತಲೆಕೆಳಗಾಗಿ ತೂಗುತ್ತಿದ್ದವು.

ಅಫ್ಘಾನಿಸ್ತಾನದಿಂದ ಬಂದ ಮೇಲೆ ಒಂದು ಭಾನುವಾರ ಅವನೊಬ್ಬನೇ ಆ ಯಂತ್ರ ತಳ್ಳಿದ. ಅದು ಹಗುರವಾಗಿತ್ತು. ಗೇಟು ದಾಟಿದ್ದು ಅವತ್ತೇ.

"ನೆಲ ಇರತ್ತಲ್ಲ ಮಾವ," ಎಂದ.

"ಏನು?"

"ಏನಿಲ್ಲ."

ಧ್ವನಿವರ್ಧಕ ಕೆಮ್ಮಿತು. ಬ್ಯಾಂಡಿನವರು ಸುಮ್ಮನಾದರು. ಸೇನೆಯಲ್ಲಿ ಸೇವೆ ಸಲ್ಲಿಸಿದವರು ದಯವಿಟ್ಟು.

ಥರ್ಮನ್‌ನ ಕಾಲು ಅಭ್ಯಾಸಬಲದಿಂದ ಪಾಪ್‌ಕಾರ್ನ್ ಕಡೆಗೆ ತಿರುಗಿತು. ಅದನ್ನು ಹಿಂದಕ್ಕೆಳೆದುಕೊಂಡ. ಅನುಮತಿ ಬಂದಿದೆ, ನಿಜ. ಇನ್ನೂ ಪ್ರಮಾಣವಚನ ಆಗಿಲ್ಲ. ಎದ್ದು ನಿಲ್ಲುವ ವರ್ಷ ಇದಲ್ಲ. ಎರಡೂ ಕೈ ಮಂಡಿಯ ಮೇಲಿಟ್ಟು ಎಲ್ಲರೆದುರು ಕೂತೇ ಇದ್ದ. ಮುಂದಿನ ಸಾಲಿನ ಹೆಂಗಸೊಬ್ಬಳು ತಿರುಗಿ ನೋಡಿ ಮತ್ತೆ ಚಪ್ಪಾಳೆಗೆ ತೊಡಗಿದಳು.

ಡ್ಯೂಯಿ ಮಾವ ಏಳಲು ಕಂಬಿ ಹುಡುಕುತ್ತಿದ್ದ. ಪ್ರತಿ ಶುಕ್ರವಾರ ಅವನು ಒಬ್ಬನೇ ಹೀಗೆ ಒದ್ದಾಡುತ್ತಿದ್ದನೆಂಬುದು ಥರ್ಮನ್‌ಗೆ ಇವತ್ತೇ ಗೊತ್ತಾದದ್ದು.

"ಪಾಪ್‌ಕಾರ್ನ್ ಬೇಡ್ವೇನೋ ಇವತ್ತು?"

"ಬೇಡ."

"ಹಾಗಾದ್ರೆ ಅಲ್ಲಾಡ್ಬೇಡ." ಮಾವ ಅವನ ಹೆಗಲ ಮೇಲೆ ಕೈಯೂರಿ, ಇಡೀ ಭಾರ ಬಿಟ್ಟು, ಎದ್ದು ನಿಂತ.

ಚಪ್ಪಾಳೆ ಮುಗಿಯುವವರೆಗೂ ಆ ಭಾರ ಹಾಗೇ ಇತ್ತು.