ಬೀರವ್ವ ಬುರುಜು ಹತ್ತಿದ್ದು

ಅಂಬಾದಾಸನಿಗೆ ದೀಪಾವಳಿಯಲ್ಲಿ ನಾಲ್ಕು ದಿನ ರಜೆ. ಸೊಲ್ಲಾಪುರದ ಅಕ್ಕಲಕೋಟ ರಸ್ತೆಯ ಎಂಐಡಿಸಿ ಕೈಗಾರಿಕಾ ಪ್ರದೇಶದ ಒಂದು ಟಾವೆಲ್ ಕಾರ್ಖಾನೆಯಲ್ಲಿ ಅವನು ಸೂಪರ್‌ವೈಸರ್. ವರ್ಷವಿಡೀ ಮಗ್ಗಗಳ ಸದ್ದಿನಲ್ಲಿ ಕಿವಿ ತುಂಬಿಕೊಂಡಿರುವವನು ಆ ನಾಲ್ಕರಲ್ಲಿ ಒಂದು ದಿನ ಮನೆಯವರನ್ನೆಲ್ಲ ತನ್ನ ಹಳೆಯ ವ್ಯಾನಿನಲ್ಲಿ ಕೂರಿಸಿಕೊಂಡು ಹೊರಡುತ್ತಿದ್ದ. ಪ್ರತಿ ವರ್ಷವೂ ಅದೇ ಪ್ರವಾಸ. ಬೆಳಿಗ್ಗೆ ದೇವರು, ಮಧ್ಯಾಹ್ನ ಪ್ರಸಾದ, ಸಂಜೆ ಮನೆ.

ಈ ಸಲ ಮಗಳು ಸೋನಾಲಿ ತಿರುಗಿಬಿದ್ದಳು. ಅವಳು ಹನ್ನೊಂದನೆಯ ಇಯತ್ತೆಯಲ್ಲಿ ಓದುತ್ತಿದ್ದಳು.

“ಪಪ್ಪಾ, ಗುಡಿಗಿ ಆದ್ರ ನಾ ಬರಂಗಿಲ್ಲ. ಕಿಲ್ಲಾ ನೋಡೂಣು.”

“ನಾನೂ ಬರಂಗಿಲ್ಲ,” ಎಂದ ತಮ್ಮ ಯೋಗಿರಾಜ. ಅವನಿಗೆ ಹದಿನಾಲ್ಕು. ಅಕ್ಕ ಹೇಳಿದ್ದಕ್ಕೆ ಅವನು ಹೂಂ ಅಂದದ್ದು ಆ ವರ್ಷ ಅದೇ ಮೊದಲು.

ಅಡುಗೆಮನೆಯಿಂದ ತಾಯಿ ಶೈಲಶ್ರೀ ಹೇಳಿದಳು: “ಹಂಗಾದ್ರ ಎಲ್ಲಿ ಹೋಗೂದಂತ ನೀವಿಬ್ಬರೂ ಕೂಡಿ ಠರಾಸ್ರಿ. ಒಂದ ದಿನ. ದೀಪ ಹಚ್ಚೂ ಹೊತ್ತಿಗೆ ಮನಿ ಮುಟ್ಟಬೇಕು. ಜಗಳಾಡಿದ್ರ ಮತ್ತ ಗುಡೀನ.”

ಅಕ್ಕತಮ್ಮ ಪಡಸಾಲೆಯಲ್ಲಿ ದೊಡ್ಡ ಹಾಳೆ ಹಾಸಿಕೊಂಡು ಕೂತರು. ಐದು ನಿಮಿಷದಲ್ಲಿ ಜಗಳ ಶುರುವಾಯಿತು. ಸೋನಾಲಿಗೆ ನಳದುರ್ಗದ ಕೋಟೆ ಬೇಕು. ಬೋರಿ ಹೊಳೆಗೆ ಕಟ್ಟಿದ ಒಡ್ಡಿನ ಹೊಟ್ಟೆಯೊಳಗೇ ಇರುವ ಪಾಣಿಮಹಲು ನೋಡಬೇಕು. ಯೋಗಿರಾಜನಿಗೆ ಅಕ್ಕಲಕೋಟದ ಅರಮನೆಯ ಶಸ್ತ್ರಾಗಾರ ಬೇಕು. ಅಲ್ಲಿನ ಕತ್ತಿ, ಬಂದೂಕುಗಳ ಚಿತ್ರ ಅವನು ಮೊಬೈಲಿನಲ್ಲಿ ನೋಡಿದ್ದ. ಒಂದು ಹೈದರಾಬಾದ್ ರಸ್ತೆಯಲ್ಲಿ, ಇನ್ನೊಂದು ಬೇರೆಯೇ ದಿಕ್ಕಿಗೆ. ಹೋಗಿ ಸೊಲ್ಲಾಪುರಕ್ಕೆ ಬಂದು ಮತ್ತೆ ಹೋಗುವುದೆಂದರೆ ದಿನವೆಲ್ಲ ವ್ಯಾನಿನಲ್ಲೇ ಕಳೆದೀತು.

ಗೋಡೆಗೆ ಒರಗಿ ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದ ಅಜ್ಜಿ ಬೀರವ್ವ ತಲೆ ಎತ್ತದೆ ಹೇಳಿದಳು: “ತಿರಗಿ ಯಾಕ ಬರ್ತೀರಿ? ನಳದುರ್ಗದಿಂದ ಅಕ್ಕಲಕೋಟಕ್ಕ ಅಡ್ಡ ದಾರಿ ಐತಿ.”

ಯೋಗಿರಾಜ ಮೊಬೈಲ್ ನೋಡಿದ. ದಾರಿ ಇತ್ತು. “ಆಜಿ, ನಿನಗ ಹ್ಯಾಂಗ ಗೊತ್ತು?”

“ನಡದೀನಿ.”

ಬೀರವ್ವನ ತವರು ಅಕ್ಕಲಕೋಟ ತಾಲೂಕಿನ ಒಂದು ಸಣ್ಣ ಊರು. ಕುರಿಯ ಮನೆತನ. ಮಳೆಗಾಲ ಮುಗಿದ ಮೇಲೆ ಅವಳ ಅಪ್ಪ ಇನ್ನೂರು ಕುರಿ ಹೊಡೆದುಕೊಂಡು ನಳದುರ್ಗದ ಕಡೆಗೆ ಹೋಗುತ್ತಿದ್ದ. ಕೋಟೆಯ ಗೋಡೆಯ ಹೊರಗೆ ಎಂಟೆಂಟು ದಿನ ಹಟ್ಟಿ. ಅಣ್ಣ ಅಮೋಗಸಿದ್ಧ, ತಂಗಿ ಬೀರವ್ವ ಇಬ್ಬರೂ ಜೊತೆಗೆ ಹೋಗುತ್ತಿದ್ದರು. ಕೋಟೆಯೊಳಗೆ ಉಪಳೀ ಬುರುಜು ಅಂತ ಒಂದು ಇದೆ. ಸುತ್ತಲಿನ ಗೋಡೆಗಳಿಗಿಂತ ಬಹಳ ಎತ್ತರ, ಮೇಲಕ್ಕೆ ಹೊರಗಿನಿಂದ ಉದ್ದನೆಯ ಮೆಟ್ಟಿಲು. ಅಣ್ಣ ಅದನ್ನು ಹತ್ತಲು ಓಡಿದ್ದ. ಇವಳು ಹೊರಗೇ ಉಳಿದಿದ್ದಳು.

“ನೀ ಯಾಕ ಹತ್ತಲಿಲ್ಲ?” ಎಂದಳು ಸೋನಾಲಿ.

“ಕುರಿ ಕಾಯೋರು ಯಾರು? ಅಣ್ಣ ಬಂದು ಹೇಳಿದ, ಮ್ಯಾಲ ನಿಂತ್ರ ನಮ್ಮೂರ ಬೀರಪ್ಪನ ಗುಡಿ ಕಾಣತೈತಿ ಅಂತ. ನಾಳಿ ನಾ ಹತ್ತತೀನಿ ಅಂದೆ. ಮರದಿನ ಅಪ್ಪ ಹಟ್ಟಿ ಕಿತ್ತ.” ಬೀರವ್ವ ಬೀಜಗಳನ್ನು ಒಂದು ಕಡೆಗೆ ಸರಿಸಿದಳು. “ಅದರ ಮುಂದಿನ ವರ್ಷ ನನ್ನ ಮದವಿ ಆತು.”

ಸೋನಾಲಿ ಹಾಳೆಯ ಮೇಲೆ ಒಂದು ದುಂಡು ಗೆರೆ ಎಳೆದಳು. ಸೊಲ್ಲಾಪುರ, ಬೋರಾಮಣಿ, ನಳದುರ್ಗ, ಅಕ್ಕಲಕೋಟ, ಸೊಲ್ಲಾಪುರ. ನಳದುರ್ಗದ ಮುಂದೆ ಬರೆದಳು: ಆಜಿ ಬುರುಜು ಹತ್ತಬೇಕು.

ಅಂಬಾದಾಸ ಕಾರ್ಖಾನೆಯಿಂದ ಬಂದು ಹಾಳೆ ಓದಿ ಗಾಬರಿಯಾದ. “ಹುಚ್ಚ ಹಿಡದೈತೇನು? ಅವ್ವನ ಮೊಣಕಾಲ ನೋಡೀರಿಲ್ಲೊ? ಆಕಿ ವ್ಯಾನಿನ್ಯಾಗ ಕೂಡ್ತಾಳ, ನೀವು ಹತ್ರಿ.”

“ನಾ ವ್ಯಾನಿನ್ಯಾಗ ಕೂಡಂಗಿಲ್ಲ,” ಎಂದಳು ಬೀರವ್ವ. ಮಗನ ಮಾತಿಗೆ ಹೀಗೆ ಎದುರಾಡಿದವಳಲ್ಲ ಅವಳು. ಶೈಲಶ್ರೀ ಒಲೆಯ ಮುಂದಿನಿಂದ ಇಣುಕಿ ನೋಡಿದಳು.

ಮರುದಿನ ಸೋನಾಲಿ ಅಜ್ಜಿಯನ್ನು ಡಾಕ್ಟರರ ಹತ್ತಿರ ಕರೆದುಕೊಂಡು ಹೋದಳು. ಅವರು ಮೊಣಕಾಲು ಒತ್ತಿ ನೋಡಿ, ಸಾವಕಾಶ ಹತ್ತಲಿ, ನೋವಾದರೆ ಅಲ್ಲೇ ನಿಲ್ಲಲಿ, ಹಟ ಮಾಡುವುದು ಬೇಡ ಎಂದರು. ಪ್ರವಾಸಕ್ಕೆ ಇನ್ನೂ ಹನ್ನೆರಡು ದಿನ ಇತ್ತು. ಪಕ್ಕದ ಕಟ್ಟಡದ ಮೆಟ್ಟಿಲುಗಳ ಮೇಲೆ ದಿನಾ ಬೆಳಿಗ್ಗೆ ಅಜ್ಜಿ–ಮೊಮ್ಮಗಳ ಅಭ್ಯಾಸ ಶುರುವಾಯಿತು. ಮೊದಲ ದಿನ ಎಂಟು ಮೆಟ್ಟಿಲು, ಆಮೇಲೆ ಹನ್ನೆರಡು, ಆಮೇಲೆ ಇಪ್ಪತ್ತು. ಬೀರವ್ವ ಕಟಕಟೆ ಹಿಡಿದು ಏದುಸಿರು ಬಿಡುತ್ತ ಮೇಲಿನ ಮನೆಯವರಿಗೆಲ್ಲ ತಾನು ನಳದುರ್ಗಕ್ಕೆ ಹೊರಟಿದ್ದೇನೆಂದು ಹೇಳಿದಳು. ಆರನೆಯ ದಿನ ಮೊಣಕಾಲು ಬೆಲ್ಲದಚ್ಚಿನ ಹಾಗೆ ಊದಿಕೊಂಡಿತು.

ಅಂಬಾದಾಸ ಬೈಯಲಿಲ್ಲ. ಪೆನ್ನು ತೆಗೆದುಕೊಂಡು ಹಾಳೆಯ ಮೇಲಿನ ಆ ಸಾಲನ್ನು ಹೊಡೆದುಹಾಕಿದ. ಸೋನಾಲಿ ಎದ್ದು ಒಳಗೆ ಹೋದಳು. ಬೀರವ್ವ ಕಾಲಿಗೆ ಬಿಸಿನೀರಿನ ಶಾಖ ಕೊಟ್ಟುಕೊಳ್ಳುತ್ತ ಗೋಡೆಯ ಕಡೆ ಮುಖ ಮಾಡಿ ಕೂತಳು.

ಯೋಗಿರಾಜ ಅಲ್ಲೇ ಮೊಬೈಲ್ ನೋಡುತ್ತಿದ್ದ. ಸ್ವಲ್ಪ ಹೊತ್ತಿನ ಮೇಲೆ ಅವನು ಅಂದ: “ಆಜಿ, ಕೂತು ಹತ್ತು.”

“ಹಂಗಂದ್ರ?”

“ಆರನೇ ಇಯತ್ತಿನ್ಯಾಗ ನನ್ನ ಕಾಲ ಮುರದಿತ್ತಲಾ? ನಮ್ಮ ವರ್ಗ ಮ್ಯಾಲಿನ ಮಜಲಿನ್ಯಾಗ ಇತ್ತು. ನಾ ಹಿಂಗ ಹೋಗ್ತಿದ್ದೆ.”

ಬಾಗಿಲ ಹೊರಗಿನ ಮೂರು ಮೆಟ್ಟಿಲ ಮೇಲೆ ಅವನು ಮಾಡಿ ತೋರಿಸಿದ. ಬೆನ್ನು ಮೇಲಿನ ಕಡೆಗೆ, ಮುಖ ಕೆಳಗಿನ ಕಡೆಗೆ. ಎರಡೂ ಅಂಗೈ ಹಿಂದಿನ ಮೆಟ್ಟಿಲ ಮೇಲೆ ಊರಿ, ಒಳ್ಳೆಯ ಕಾಲಿನಿಂದ ಒತ್ತಿ, ಕುಂಡಿ ಎತ್ತಿ ಮೇಲಿನ ಮೆಟ್ಟಿಲಿಗೆ ಇಡುವುದು. ಬೀರವ್ವ ಕಣ್ಣಲ್ಲಿ ನೀರು ಬರುವ ತನಕ ನಕ್ಕಳು. ಎರಡು ದಿನ ಬಿಟ್ಟು, ಬಾವು ಇಳಿದ ಮೇಲೆ ತಾನೂ ಹಾಗೇ ಮಾಡಿ ನೋಡಿದಳು. ಮೊಣಕಾಲಿಗೆ ಏನೂ ಆಗಲಿಲ್ಲ. ತೋಳು ಮಾತ್ರ ದಣಿದವು.

“ಅತ್ತಿ, ಜನ ನೋಡ್ತಾರ್ರಿ,” ಎಂದಳು ಶೈಲಶ್ರೀ ಮೆಲ್ಲಗೆ.

“ನೋಡ್ಲಿ ಬಿಡು. ಅವತ್ತು ನಿಂತು ಕುರಿ ಕಾದೆ. ಈಗ ಕೂತು ಹತ್ತತೀನಿ.”

ಅಂಬಾದಾಸ ಆ ಮಾತು ಕೇಳಿಯೂ ಕೇಳದವನ ಹಾಗೆ ವ್ಯಾನಿನ ಟೈರಿಗೆ ಗಾಳಿ ಹಾಕಿಸಲು ಹೋದ. ಬರುವಾಗ ಚೌಕದ ಅಂಗಡಿಯಿಂದ ದಪ್ಪ ಕೈಗವಸು ತಂದು ತಾಯಿಯ ಮುಂದೆ ಇಟ್ಟ. ಕಾರ್ಖಾನೆಯಲ್ಲಿ ಹಾಕಿಕೊಳ್ಳುವಂಥವು. “ಕಲ್ಲು ಒರಟ ಇರ್ತಾವ,” ಎಂದಷ್ಟೇ ಹೇಳಿದ.

ಹೊರಟ ದಿನ ಬೆಳಿಗ್ಗೆ ಚಳಿ ಇತ್ತು. ಕಡಕ್ ರೊಟ್ಟಿ, ಶೇಂಗಾ ಚಟ್ನಿ, ಮೊಸರಿನ ಡಬ್ಬಿ ಎಲ್ಲ ಹಿಂದೆ ಕೂತವು. ಬೋರಾಮಣಿಯ ಹತ್ತಿರ ಹುಲ್ಲುಗಾವಲು ಹಳದಿಯಾಗಿತ್ತು. ಅಲ್ಲಿ ನಿಂತು ಚಹಾ ಕುಡಿದರು. ಹತ್ತು ಗಂಟೆಗೆ ನಳದುರ್ಗ.

ಬುರುಜಿನ ಬುಡದಲ್ಲಿ ಯಾವುದೋ ಶಾಲೆಯ ಮಕ್ಕಳ ಸಾಲು ಇತ್ತು. ಬೀರವ್ವ ತಲೆ ಹಿಂದಕ್ಕೆ ಬಾಗಿಸಿ ಬುರುಜನ್ನು ನೋಡಿದಳು. ಆಮೇಲೆ ಕೈಗವಸು ಹಾಕಿಕೊಂಡು, ಸೀರೆಯ ನಿರಿಗೆಗಳನ್ನು ಮುದುಡಿ ಸಿಕ್ಕಿಸಿ, ಮೊದಲ ಮೆಟ್ಟಿಲ ಮೇಲೆ ಕೂತಳು.

ಹತ್ತು ಮೆಟ್ಟಿಲು ಆಗುವಷ್ಟರಲ್ಲಿ ಶಾಲೆಯ ಹುಡುಗರಲ್ಲಿ ನಗೆ ಎದ್ದಿತು. ಒಬ್ಬ ಮೊಬೈಲ್ ಎತ್ತಿ ಹಿಡಿದ. ಯೋಗಿರಾಜನ ಮುಖ ಕೆಂಪಾಯಿತು. ತನಗೂ ಅವಳಿಗೂ ಸಂಬಂಧವೇ ಇಲ್ಲ ಎಂಬಂತೆ ಅವನು ನಾಲ್ಕು ಮೆಟ್ಟಿಲು ಮೇಲೆ ಹೋಗಿ ನಿಂತ. ಅಲ್ಲಿಂದ ತಿರುಗಿ ನೋಡಿದಾಗ ಅಜ್ಜಿ ಯಾರ ಕಡೆಗೂ ಗಮನವಿಲ್ಲದೆ, ತುಟಿ ಬಿಗಿಹಿಡಿದು, ಮುಂದಿನ ಮೆಟ್ಟಿಲಿಗಾಗಿ ಹಿಂದೆ ಕೈ ತಡವುತ್ತಿದ್ದಳು. ಅವನು ಇಳಿದು ಬಂದ. ಅವಳ ಪಕ್ಕದಲ್ಲಿ ಬೆನ್ನು ತಿರುಗಿಸಿ ಕೂತ. “ನಡಿ ಆಜಿ. ಏಕ್, ದೋನ್, ತೀನ್.” ಇಬ್ಬರೂ ಒಟ್ಟಿಗೆ ಒಂದು ಮೆಟ್ಟಿಲು ಏರಿದರು. ಹುಡುಗರು ಇನ್ನೂ ಜೋರಾಗಿ ನಕ್ಕರು, ಆದರೆ ಈಗ ಅವರೂ ಏಕ್, ದೋನ್, ತೀನ್ ಎಂದು ಕೂಗತೊಡಗಿದರು.

ಸೋನಾಲಿ ನೀರಿನ ಬಾಟಲಿ ಹಿಡಿದು ಇಪ್ಪತ್ತಕ್ಕೊಮ್ಮೆ ನಿಲ್ಲಿಸುತ್ತಿದ್ದಳು. ಅಂಬಾದಾಸ ಎರಡು ಮೆಟ್ಟಿಲು ಕೆಳಗೆ ಎರಡೂ ಕೈ ಚಾಚಿಕೊಂಡೇ ಬರುತ್ತಿದ್ದ.

“ನಾ ಬೀಳಂಗಿಲ್ಲೊ,” ಎಂದಳು ಬೀರವ್ವ. “ನೀ ನಿನ್ನ ಕಾಲ ನೋಡಿ ಇಡು.”

ಉಳಿದವರು ಕಲ್ಲಿನ ಕಡೆ ಮುಖ ಮಾಡಿ ಹತ್ತುತ್ತಿದ್ದರು. ಬೀರವ್ವನಿಗೆ ಮಾತ್ರ ಒಂದೊಂದು ಮೆಟ್ಟಿಲಿಗೂ ಎದುರಿನ ಬಯಲು ಅಗಲವಾಗುತ್ತ ಹೋಯಿತು. ಮೊದಲು ಕೋಟೆಯ ಗೋಡೆ, ಆಮೇಲೆ ಗೋಡೆಯ ಆಚೆಯ ಹೊಳೆ, ಆಮೇಲೆ ಹೊಳೆಯ ಆಚೆಯ ಹೊಲ. ಒಂದು ಕಡೆ ಅವಳು ತಾನಾಗಿಯೇ ನಿಂತಳು. “ಅಲ್ಲಿ ನಮ್ಮ ಹಟ್ಟಿ ಇತ್ತು,” ಎಂದು ಬೆರಳು ತೋರಿಸಿದಳು. ಅಲ್ಲಿ ಈಗ ಕಬ್ಬು ನಿಂತಿತ್ತು.

ಮೇಲೆ ತಲುಪಲು ಮುಕ್ಕಾಲು ಗಂಟೆ ಹಿಡಿಯಿತು. ಮೇಲೆ ಎರಡು ಉದ್ದನೆಯ ತೋಪುಗಳು, ಹಳೆಯ ಕಾಲದ ಫಿರಂಗಿಗಳು, ಬಿದ್ದಿದ್ದವು. ಗಾಳಿ ಸೀರೆಯನ್ನು ಕಿತ್ತುಕೊಂಡು ಹೋಗುವಂತಿತ್ತು. ಸೊಸೆಯ ಹೆಗಲು ಹಿಡಿದು ಬೀರವ್ವ ಎದ್ದು ನಿಂತಳು.

“ಯೋಗ್ಯಾ, ನಮ್ಮೂರು ಯಾ ಕಡಿ?”

ಅವನು ಮೊಬೈಲಿನಲ್ಲಿ ದಿಕ್ಕು ನೋಡಿ ಕೈ ತೋರಿಸಿದ. ಬೀರವ್ವ ಹುಬ್ಬಿಗೆ ಕೈ ಹಚ್ಚಿ ಬಹಳ ಹೊತ್ತು ನೋಡಿದಳು. ಹೊಲ, ಕಂಬ, ರಸ್ತೆಯ ಮೇಲೆ ಇರುವೆಯಂಥ ಲಾರಿಗಳು, ಅದರಾಚೆ ಬೂದಿ ಬಣ್ಣದ ಮಂಜು. ಗುಡಿಯಂತೂ ಇಲ್ಲ.

“ಅಣ್ಣಗ ಫೋನ್ ಹಚ್ಚು,” ಎಂದಳು.

ಎಪ್ಪತ್ತೈದು ದಾಟಿದ ಅಮೋಗಸಿದ್ಧ ಊರಲ್ಲಿ ಕಟ್ಟೆಯ ಮೇಲೆ ಕೂತಿದ್ದ. ಯೋಗಿರಾಜ ಸ್ಪೀಕರ್ ಹಾಕಿದ.

“ಅಣ್ಣಾ, ನಾ ನಳದುರ್ಗದ ಬುರುಜಿನ ಮ್ಯಾಲ ಅದೀನಿ. ಬೀರಪ್ಪನ ಗುಡಿ ಕಾಣವಲ್ದಲ್ಲೋ!”

“ನೀ ಹತ್ತೀದಿ? ಪೂರಾ?”

“ಪೂರಾ. ತೋಪಿನ ಬಾಜೂಕ ನಿಂತೀನಿ.”

“ತೋಪ ಅದಾವೇನ ಅಲ್ಲಿ?” ಎಂದ ಅಮೋಗಸಿದ್ಧ.

ಬೀರವ್ವ ಮೊಬೈಲನ್ನು ಕೈಗೆ ಇಸಿದುಕೊಂಡಳು. “ಅಣ್ಣಾ, ಖರೇ ಹೇಳು. ನೀ ಹತ್ತಿದ್ದೇನು?”

“ಅರ್ಧಾ ಹತ್ತಿದ್ದೆ ಯವ್ವಾ,” ಎಂದ ಮುದುಕ. “ತಲಿ ತಿರಗಿತು. ಅಲ್ಲೇ ಕುಂತು ಇಳದ ಬಂದೆ. ನೀ ನಗತಿ ಅಂತ ಗುಡಿ ಕಾಣತೈತಿ ಅಂದೆ.”

ಮೊದಲು ನಕ್ಕವನು ಅಂಬಾದಾಸ. ತೋಪಿಗೆ ಒರಗಿ ಹೊಟ್ಟೆ ಹಿಡಿದುಕೊಂಡು ನಕ್ಕ. ಬೀರವ್ವ ಫೋನಿನೊಳಗೆ ಅಣ್ಣನಿಗೆ ಬಾಯಿಗೆ ಬಂದದ್ದೆಲ್ಲ ಬೈದಳು. ಬೈಯುತ್ತ ಬೈಯುತ್ತ ಅವಳಿಗೂ ನಗು ತಡೆಯಲಾಗಲಿಲ್ಲ. ಆ ಕಡೆಯಿಂದ ಅಮೋಗಸಿದ್ಧ ಕೇಳುತ್ತಲೇ ಇದ್ದ, ಹ್ಯಾಂಗೈತಿ, ಏನೇನ ಕಾಣತೈತಿ ಅಂತ. ಅವಳು ಹೊಳೆಯಿಂದ ಶುರುಮಾಡಿ ಒಂದೊಂದಾಗಿ ಹೇಳಿದಳು.

ಇಳಿಯುವುದು ಸಲೀಸಾಯಿತು, ಆದರೆ ಬಿಸಿಲು ಏರಿತ್ತು. ಸೋನಾಲಿಗೆ ಪಾಣಿಮಹಲಿನಲ್ಲಿ ಸಿಕ್ಕದ್ದು ಅರ್ಧ ಗಂಟೆ. ಅವಳು ತಾಯಿಯ ಕೈ ಹಿಡಿದು ಓಡಿಹೋಗಿ, ಒಡ್ಡಿನೊಳಗಿನ ಕಿಟಕಿಯಲ್ಲಿ ನಿಂತು ನೀರಿನ ಸದ್ದು ಕೇಳಿ ಬಂದಳು. “ಮಮ್ಮಿ ಹೆದರಿ ನನ್ನ ದಂಡಿ ಚಿವುಟಿದಳು,” ಎಂದು ತೋಳಿನ ಗುರುತು ಎಲ್ಲರಿಗೂ ತೋರಿಸಿದಳು.

ಅಡ್ಡ ದಾರಿಯಲ್ಲಿ ಒಂದು ಬನ್ನಿ ಮರದ ನೆರಳಿಗೆ ನಿಂತು ಉಂಡು, ಅಕ್ಕಲಕೋಟ ಮುಟ್ಟಿದಾಗ ಮೂರು ಗಂಟೆ. ಬೀರವ್ವ ವ್ಯಾನಿನಲ್ಲೇ ಇರಲಿ ಎಂದು ಯಾರೂ ಹೇಳಲಿಲ್ಲ. ಶಸ್ತ್ರಾಗಾರದಲ್ಲಿ ಅವಳು ಮೊಮ್ಮಗನ ತೋಳು ಹಿಡಿದು ಒಂದೊಂದು ಕತ್ತಿಯ ಮುಂದೆಯೂ ನಿಂತಳು.

“ಇದನ್ನ ಯಾರು ಹಿಡೀತಿದ್ರು?”

“ಗೊತ್ತಿಲ್ಲ ಆಜಿ.”

“ಇಷ್ಟು ವಜ್ಜಿದ್ದು ಎತ್ತಿ ಹೊಡಿಯೂದರಾಗ ಎದುರಿನಾಂವ ಓಡಿ ಹೋಗಂಗಿಲ್ಲೇನು?”

ಯೋಗಿರಾಜ ಹೊಸಬರ ಜೊತೆ ಮಾತಾಡಲು ನಾಚುವ ಹುಡುಗ. ಎರಡು ಸಲ ಹಿಂದೆ ಮುಂದೆ ನೋಡಿದ. ಆಮೇಲೆ ಬಾಗಿಲ ಹತ್ತಿರ ಕುರ್ಚಿಯ ಮೇಲೆ ಕೂತಿದ್ದ ಕಾವಲುಗಾರರ ಬಳಿಗೆ ಹೋಗಿ ಮರಾಠಿಯಲ್ಲಿ ಕೇಳಿದ: ಕಾಕಾ, ನಮ್ಮ ಆಜಿಗೆ ಒಂದು ಪ್ರಶ್ನೆ ಇದೆ, ಸ್ವಲ್ಪ ಬರ್ತೀರಾ?