ಮೂಡಗಾಳಿಯ ನೀರು

ಬಿಂದಿಗೆ ಮುಳುಗಲೇ ಇಲ್ಲ. ಜಲಜಾ ನೀರಿನ ಮೇಲೆ ತೇಲುವ ಅಂತರಗಂಗೆ ಕಳೆಯನ್ನು ಎರಡು ಕೈಯಲ್ಲೂ ಸರಿಸಿ ಮತ್ತೆ ಒತ್ತಿದಳು. ಸರಿಸಿದಷ್ಟೂ ಹಸಿರು ನುಗ್ಗಿ ಬಂದು ಮೆಟ್ಟಿಲಿಗೆ ತಗುಲಿತು. ನಸುಕಿನಲ್ಲಿ ತೀರಿಕೊಂಡ ಅತ್ತೆ ಹನುಮಕ್ಕನ ಕಡೆಯ ಸ್ನಾನಕ್ಕೆ ಉಲ್ಲಾಳದ ಕೆರೆಯ ನೀರೇ ಆಗಬೇಕು, ಅದರಲ್ಲಿ ಒಂದೆಳೆ ಕಸವೂ ಇರಬಾರದು. ಅದು ಆ ಮನೆಯ ಪದ್ಧತಿ.

ಅತ್ತೆಯ ಮೈದುನ ಬೈರಪ್ಪ ಮೇಲಿನ ಮೆಟ್ಟಿಲಲ್ಲಿ ಬೀಡಿ ಆರಿಸಿದ. "ನಿಮ್ಮತ್ತೆ ಮೂವತ್ತು ವರ್ಷ ಮೀನಿಗೆ ಗಾಳ ಹಾಕಿ ಗಂಗಮ್ಮನ ಮಕ್ಕಳನ್ನ ಎತ್ಕೊಂಡ್ಳು. ಈಗ ಗಂಗಮ್ಮ ಬಾಗಿಲು ಹಾಕ್ಕೊಂಡವಳೆ. ನಲ್ಲಿ ನೀರು ಸಾಕು, ನಡಿಯಮ್ಮ."

ಜೊತೆಗೆ ಬಂದಿದ್ದ ನಾಲ್ವರು ಹೆಂಗಸರು ತಲೆ ತಗ್ಗಿಸಿದರು. ಈ ಮಾತು ಸಂಜೆಯೊಳಗೆ ಊರೆಲ್ಲ ಸುತ್ತುತ್ತದೆ, ಅತ್ತೆಯ ಹೆಸರಿನ ಜೊತೆ ಇದೇ ಉಳಿಯುತ್ತದೆ ಎಂದು ಜಲಜಾಳಿಗೆ ಗೊತ್ತಿತ್ತು. ಮೂಡಗಾಳಿ ಅವಳ ಮುಖಕ್ಕೇ ಬಡಿಯುತ್ತಿತ್ತು.

*

ಮದುವೆಯಾದ ಹೊಸತರಲ್ಲಿ, ಕಾಲೇಜು ಓದಿದ ಸೊಸೆಗೆ ಗಾಳ ಹಿಡಿದು ಕೂರುವ ಅತ್ತೆಯೆಂದರೆ ನಾಚಿಕೆ. ಬುತ್ತಿ ತಂದರೆ ಹನುಮಕ್ಕ ಒಂದು ದಿನ ಈ ದಡದಲ್ಲಿ, ಇನ್ನೊಂದು ದಿನ ಆ ದಡದಲ್ಲಿ. ಒಂದೇ ಕಡೆ ಕೂರಬಾರದೇ ಎಂದು ಜಲಜಾ ಸಿಡುಕಿದ್ದಳು.

"ಅಂತರಗಂಗೆ ಬೇರು ನೆಲದಲ್ಲಿಲ್ಲ ಕಣೇ," ಎಂದಿದ್ದಳು ಹನುಮಕ್ಕ, ಎರೆಹುಳು ಚುಚ್ಚುತ್ತ. "ಗಾಳಿ ತಳ್ಳಿದ ಕಡೆ ಹೋಗುತ್ತೆ. ಬೆನ್ನಿಗೆ ಗಾಳಿ ಬಡಿಯೋ ದಡ ಹುಡುಕು. ಅಲ್ಲಿ ನೀರು ತೆರೆದಿರುತ್ತೆ."

ಮಳೆಯ ಮಾರನೇ ದಿನ ಮಾತ್ರ ನಂಬಬೇಡ, ಕಾಲುವೆಯಿಂದ ಹೊಸ ಕಸ ಇಳಿಯುತ್ತದೆ ಎಂದೂ ಸೇರಿಸಿದ್ದಳು.

*

ನಿನ್ನೆ ರಾತ್ರಿ ಮಳೆ ಬಿದ್ದಿತ್ತು.

"ಮೂಡಣ ದಡಕ್ಕೆ ಹೋಗೋಣ ಮಾವ," ಎಂದಳು ಜಲಜಾ.

"ಅಲ್ಲೂ ಹಿಂಗೇ ಇದ್ರೆ?"

"ಇದ್ರೆ ನೀವು ಹೇಳಿದ್ದೇ ನಿಜ ಅಂತ ಎಲ್ರ ಮುಂದೆ ಒಪ್ಕೋತೀನಿ."

ಹೇಳಿ, ಖಾಲಿ ಬಿಂದಿಗೆಯನ್ನು ಸೊಂಟಕ್ಕೇರಿಸಿ ನಡೆದಳು. ಏರಿಯ ತಿರುವು ದಾಟುವವರೆಗೆ ಆ ದಡ ಕಾಣುವುದಿಲ್ಲ. ಕಾಲುವೆ ಬಾಯಲ್ಲಿ ಹಸಿರಿನ ದೊಡ್ಡ ಗುಪ್ಪೆಯೊಂದು ಆಗಷ್ಟೇ ಇಳಿದಿತ್ತು. ಹೆಂಗಸರು ನಿಂತರು. ಜಲಜಾ ಮಾತ್ರ ಅದನ್ನೇ ನೋಡುತ್ತಿದ್ದಳು. ಎಲೆಗಳು ಗಾಳಿಗೆ ಉಬ್ಬಿದವು. ಗುಪ್ಪೆ ನಿಧಾನವಾಗಿ ತಿರುಗಿ, ದಡಕ್ಕೆ ಬೆನ್ನು ಹಾಕಿ, ನಡುಗೆರೆಯತ್ತ ಹೊರಟಿತು.

ತಿರುವು ದಾಟಿದರೆ ಬರೀ ನೀರು. ಒಂದು ಎಲೆಯಿಲ್ಲ. ಗಾಳಿ ಐದು ಜನರ ಸೆರಗನ್ನೂ ಬೆನ್ನ ಹಿಂದಿನಿಂದ ಮುಂದಕ್ಕೆ ಹಾರಿಸಿತು.

ಎಲ್ಲರಿಗಿಂತ ಹಿರಿಯಳಾದ ಲಕ್ಷ್ಮಿದೇವಮ್ಮ ಸಾವಿನ ದಿನವೆಂಬುದನ್ನೂ ಮರೆತು ನಕ್ಕಳು. "ನೋಡ್ರೇ, ನಮ್ಮ ಹನುಮಕ್ಕ ಗುಡಿಸಿಟ್ಟು ಹೋಗವಳೆ."

ಬಿಂದಿಗೆಗಳು ಗುಳುಗುಳು ಎಂದು ತುಂಬಿದವು. ಬೈರಪ್ಪ ಪಂಚೆ ಎತ್ತಿ ಕಟ್ಟಿದ, ಮುಂದೆ ನಡೆದ.

ಏರಿ ಇಳಿದು ಊರಿನ ರಸ್ತೆಗೆ ಬರುವಾಗ ಬಸ್ಸೊಂದು ಹಾರನ್ ಒತ್ತುತ್ತ ಬಂತು. ಬೈರಪ್ಪ ರಸ್ತೆಯ ನಡುವೆ ಹೋಗಿ ನಿಂತು ಎರಡೂ ಕೈ ಅಗಲಿಸಿದ. ಹಾರನ್ ನಿಂತಿತು. ಕಿಟಕಿಗಳಿಂದ ತಲೆಗಳು ಹೊರಬಂದವು. ಐದನೆಯ ಬಿಂದಿಗೆ ದಾಟುವವರೆಗೂ ಅವನು ಕೈ ಇಳಿಸಲಿಲ್ಲ.