ನಾಲ್ಕನೇ ಹೆಗಲು

"ಮೊದಲು ಮಗ್ಗ ಬಿಚ್ಚಿ, ಆಮೇಲೆ ಹೆಣದ ಪೆಟ್ಟಿಗೆ," ಎಂದ ಆಮೊಸ್ ಕ್ಲೆಗ್, ಬಾಗಿಲ ಚೌಕಟ್ಟಿಗೆ ಬೆನ್ನು ಒತ್ತಿ ನಿಂತು. "ಹೀಗೇ ಎಳೆದ್ರೆ ಈನಕ್ ಗೋಡೆಗೂ ಮಗ್ಗಕ್ಕೂ ಮಧ್ಯ ಸಿಕ್ಕಿ ಇಲ್ಲೇ ಉಳೀತಾನೆ. ಬದುಕಿದ್ದಾಗಲೂ ಅಲ್ಲೇ ಇದ್ದ ಅನ್ನಿ."

ಯಾರೋ ನಕ್ಕು, ತಕ್ಷಣ ಕೆಮ್ಮಿದರು. ಮಗ್ಗದ ಮೇಲೆ ಅರ್ಧ ನೇಯ್ದ ಬಟ್ಟೆ ಹಾಗೇ ಇತ್ತು. ಈನಕ್‌ನ ಹೆಂಡತಿ ಟಬಿತಾ ಕತ್ತರಿ ತಂದು ಹಾಸಿನ ಎಳೆಗಳನ್ನು ಒಂದೇ ಸಮನೆ ಕತ್ತರಿಸಿದಳು. ಎಳೆಗಳು ಸಡಿಲಗೊಂಡು ನೆಲಕ್ಕೆ ಬಿದ್ದವು. ಆಮೊಸ್ ಮತ್ತು ಇನ್ನಿಬ್ಬರು ನೇಕಾರರು ಮರದ ತುಂಡುಗಳನ್ನು ಬಿಡಿಸಿ ಅಂಗಳಕ್ಕೆ ಸಾಗಿಸಿದರು. ಹನ್ನೆರಡು ದಿನ ಕೆಮ್ಮಿ ಕೆಮ್ಮಿ ಸತ್ತವನನ್ನು ಹೊರಗೆ ತರಲು ಈಗ ದಾರಿಯಾಯಿತು.

"ಹೆಗಲು ಕೊಡೋ ನಾಲ್ಕನೆಯವನೆಲ್ಲಿ?" ಎಂದಳು ಟಬಿತಾ.

"ಬಂದೆ ಅತ್ತಿಗೆ." ಸತ್ತವನ ತಮ್ಮ ಜೇಬೆಜ್ ಗ್ರಿಮ್‌ಶಾ ಒಳಗೆ ಬಂದ. ಪೇಟೆಯಲ್ಲಿ ಓಟ್ಸ್ ಹಿಟ್ಟು, ಮೇಣದಬತ್ತಿ, ಸೋಪು ಮಾರುವ ಅಂಗಡಿ ಅವನದು. ಮೈಮೇಲೆ ಒಳ್ಳೆಯ ಕರಿ ಕೋಟು.

ಆಮೊಸ್ ಅವನನ್ನು ಮೇಲಿಂದ ಕೆಳಗೆ ನೋಡಿದ. "ಬಂದ್ರಪ್ಪ, ಓಟಿನ ಧಣಿಗಳು! ಹಾಕಿ ಬಂದ್ಯೋ?"

"ಇನ್ನೂ ಇಲ್ಲ."

"ನಿನ್ನೆ ಇಡೀ ದಿನ ಇತ್ತು. ಇವತ್ತು ನಾಲ್ಕಕ್ಕೆ ಮುಚ್ತಾರೆ. ಈಗ್ಲೇ ಎರಡೂವರೆ."

"ಮೊದಲು ಅಣ್ಣನ್ನ ಮಣ್ಣು ಮಾಡೋಣ. ಆಮೇಲೆ ನೋಡಿದ್ರಾಯ್ತು," ಎಂದ ಜೇಬೆಜ್, ನೆಲ ನೋಡುತ್ತಾ.

ಟಬಿತಾ ಬಂದವರಿಗೆಲ್ಲ ಬಿಸಿ ಬಿಯರಿನ ಲೋಟ ಕೊಟ್ಟು, ಗುಂಡಿಗೆ ಹಾಕಲು ಒಂದೊಂದು ರೋಸ್‌ಮೆರಿ ಗಿಡದ ಕಡ್ಡಿ ಕೈಗಿತ್ತಳು.

*

ಹದಿಮೂರು ವರ್ಷದ ಹಿಂದೆ, ಕೋಲ್ಡ್‌ಶಾ ಊರಿನ ನೇಕಾರರು ಬೋರೆಯ ಮೇಲೆ ಸೇರಿ ಸಿಪಾಯಿಗಳಂತೆ ಸಾಲಾಗಿ ಹೆಜ್ಜೆ ಹಾಕುವುದನ್ನು ಕಲಿಯುತ್ತಿದ್ದರು. ಕೈಯಲ್ಲಿ ಕೋಲೂ ಇರಲಿಲ್ಲ. ದೂರದಲ್ಲೆಲ್ಲೋ ಜನವೇ ಇಲ್ಲದ, ಕುರಿ ಮೇಯುವ ಬೋಳು ದಿಬ್ಬಕ್ಕೆ ಪಾರ್ಲಿಮೆಂಟಿನಲ್ಲಿ ಇಬ್ಬರು ಪ್ರತಿನಿಧಿಗಳು. ಅಷ್ಟು ದೊಡ್ಡ ಮ್ಯಾಂಚೆಸ್ಟರಿಗೆ ಒಬ್ಬನೂ ಇಲ್ಲ. ಅದನ್ನು ಕೇಳಲು ಹೋಗುವವರು ಕುಡುಕರ ಗುಂಪಿನಂತೆ ಕಾಣಬಾರದು ಎಂದು ಈನಕ್ ಎಲ್ಲರಿಗೂ ಎಡ-ಬಲ ಹೇಳಿಕೊಟ್ಟಿದ್ದ. ಆಗಸ್ಟಿನಲ್ಲಿ, ಒಗೆದ ಅಂಗಿ ತೊಟ್ಟು, ಹೆಂಗಸರು ಮಕ್ಕಳ ಸಮೇತ ಮ್ಯಾಂಚೆಸ್ಟರಿಗೆ ನಡೆದರು. ಮೈದಾನದಲ್ಲಿ ಕುದುರೆ ಸವಾರರು ಕತ್ತಿ ಹಿರಿದು ಅವರ ಮೇಲೆ ನುಗ್ಗಿದರು. ಹೋಗುವಾಗ ಸಾಲಾಗಿ ಹೋದವರು, ಬರುವಾಗ ಒಬ್ಬೊಬ್ಬರಾಗಿ ಬೇಲಿ ಮರೆಯಲ್ಲಿ ಬಂದರು.

ಮರುವಸಂತದಲ್ಲಿ ಮತ್ತೆ ಬೋರೆಯ ಮೇಲೆ ಸೇರಿದರು. ಅಷ್ಟರಲ್ಲಿ ಹೆಜ್ಜೆ ಹಾಕುವುದೇ ಅಪರಾಧವೆಂದು ಕಾಯಿದೆ ಬಂದಿತ್ತು. ಸಿಕ್ಕಿಬಿದ್ದವನು ಈನಕ್ ಒಬ್ಬನೇ.

"ಸಾಲಿನಲ್ಲಿ ನಿನ್ನ ಪಕ್ಕ ಇದ್ದವರು ಯಾರು?" ಎಂದು ಕೇಳಿದ ಮ್ಯಾಜಿಸ್ಟ್ರೇಟ್.

"ಕತ್ತಲಿತ್ತು ಸ್ವಾಮಿ. ಮುಖ ಕಾಣ್ಲಿಲ್ಲ."

"ಮಧ್ಯಾಹ್ನ ಎರಡು ಗಂಟೆಗೆ ಕತ್ತಲೇ?"

"ನಮ್ಮಂಥೋರಿಗೆ ಹಾಗೇ ಸ್ವಾಮಿ."

ಪಕ್ಕದಲ್ಲಿದ್ದವನು ಜೇಬೆಜ್, ಆಗ ಹದಿನೆಂಟರ ಹುಡುಗ. ಈನಕ್ ಎರಡು ವರ್ಷ ಲ್ಯಾಂಕಾಸ್ಟರ್ ಕೋಟೆಯ ಜೈಲಿನಲ್ಲಿ ಕಳೆದು, ಆ ಕೆಮ್ಮನ್ನು ಹೊತ್ತು ತಂದ. ಆ ಎರಡು ವರ್ಷವೂ ಪ್ರತಿ ಶನಿವಾರ ಜೇಬೆಜ್ ಹಿಟ್ಟಿನ ಚೀಲ ಹೆಗಲ ಮೇಲೆ ಹೊತ್ತು ಅತ್ತಿಗೆಯ ಬಾಗಿಲಿಗೆ ಬಂದ. ಒಂದು ವಾರವೂ ತಪ್ಪಿಸಲಿಲ್ಲ.

*

ಈ ವರ್ಷ ಬೇಸಗೆಯಲ್ಲಿ, ಇನ್ನಷ್ಟು ಜನಕ್ಕೆ ಓಟು ಕೊಡುವ ಸುಧಾರಣೆ ಕಾಯಿದೆ ಪಾಸಾಯಿತು. ಊರೆಲ್ಲ ಕುಣಿಯಿತು, ಗಿರಣಿ ಯಜಮಾನ ಥಾರ್ನ್ಲಿ ಬಯಲಲ್ಲಿ ಇಡೀ ಎತ್ತು ಸುಡಿಸಿ ಹಂಚಿದ. ಈನಕ್ ಮಗ್ಗ ಬಿಟ್ಟು ಏಳಲಿಲ್ಲ.

"ನಾವು ಹೆಗಲು ಕೊಟ್ಟು ಬಾಗಿಲು ಒಡೆದ್ವಿ," ಎಂದ, ಲಾಳಿ ಎಸೆಯುತ್ತಲೇ. "ಅವರು ಒಳಗೆ ಹೋಗಿ ಅಗುಳಿ ಹಾಕ್ಕೊಂಡ್ರು. ಈಗ ಕಿಟಕೀಲಿ ಮೂಳೆ ಎಸೀತಿದಾರೆ."

ದೊಡ್ಡ ಬಾಡಿಗೆಯ ಕಟ್ಟಡದಲ್ಲಿ ಇರುವವರಿಗೆ ಮಾತ್ರ ಓಟು. ಈನಕ್‌ನ ಬೀದಿಯ ನಲವತ್ತು ನೇಕಾರರಲ್ಲಿ ಒಬ್ಬನಿಗೂ ಬರಲಿಲ್ಲ. ಜೇಬೆಜ್‌ಗೆ ಬಂತು. ಆದರೆ ಅಂಗಡಿಯ ಕಟ್ಟಡ ಥಾರ್ನ್ಲಿಯದು. ಚುನಾವಣೆಗೆ ನಿಂತವನೂ ಥಾರ್ನ್ಲಿಯೇ. ಅವನೆದುರು ನೇಕಾರರ ಪರವಾಗಿ ವಿಟಕರ್ ಎಂಬುವನು ನಿಂತಿದ್ದ. ಓಟನ್ನು ಎಲ್ಲರೆದುರು ಬಾಯಿಬಿಟ್ಟು ಹೇಳಬೇಕು.

ಸಾಯುವ ಮೂರು ದಿನ ಮುಂಚೆ ಈನಕ್ ತಮ್ಮನ ತೋಳು ಹಿಡಿದಿದ್ದ. "ಈ ಮನೆತನಕ್ಕೆ ಸಿಕ್ಕಿರೋದು ಒಂದೇ ಓಟು ಕಣೋ. ನಮಗೂ ಸೇರಿಸಿ ಹೇಳು."

"ಆಯ್ತಣ್ಣ. ವಿಟಕರ್‌ಗೇ ಹೇಳ್ತೀನಿ," ಎಂದಿದ್ದ ಜೇಬೆಜ್. ಹಾಸಿಗೆಯ ಆ ಬದಿಯಲ್ಲಿ ಟಬಿತಾ ಕೂತಿದ್ದಳು.

*

ಚರ್ಚಿಗೆ ಹೋಗಲು ಪೇಟೆ ಚೌಕದ ದಾರಿ ಬಿಟ್ಟರೆ ಬೇರೆ ಇಲ್ಲ. ಡಿಸೆಂಬರಿನ ಕೆಸರಿನಲ್ಲಿ ನಾಲ್ವರು ಪೆಟ್ಟಿಗೆ ಹೊತ್ತು ಬಂದರು. ದಣಿದಾಗ ಪೆಟ್ಟಿಗೆ ಇಳಿಸಲೆಂದು ಟಬಿತಾ ಎರಡು ಸ್ಟೂಲುಗಳನ್ನು ಹಿಡಿದು ಹಿಂದೆ ನಡೆದಳು. ಚೌಕದಲ್ಲಿ ಓಟು ಹೇಳಲು ಹಲಗೆಯ ಅಟ್ಟಣೆ, ಬಾಜಾ ಬಜಂತ್ರಿ, ಕೂಗಾಟ. ಹೆಣ ಕಂಡದ್ದೇ ಬಾಜಾ ನಿಂತಿತು, ಟೋಪಿಗಳು ಇಳಿದವು. ಗಡಿಯಾರದಲ್ಲಿ ಮೂರೂ ಕಾಲು.

ಜೇಬೆಜ್ ತಲೆ ತಗ್ಗಿಸಿ ಬೇಗ ಬೇಗ ಹೆಜ್ಜೆ ಹಾಕಿದ.

"ಇಳಿಸಿ," ಎಂದಳು ಟಬಿತಾ, ಸ್ಟೂಲುಗಳನ್ನು ಚೌಕದ ನಡುವೆ ಇಟ್ಟು. "ಹೋಗಿ ಹೇಳಿ ಬಾ ಜೇಬೆಜ್. ನಿಮ್ಮಣ್ಣನಿಗೆ ಇನ್ನೇನು ಆತುರ? ಕಾಯ್ತಾನೆ."

"ಅತ್ತಿಗೆ, ಈಗ ಬೇಡ..."

"ಈಗ್ಲೇ."

ಅವನು ಮೆಟ್ಟಿಲು ಹತ್ತಿದ. ಮೇಲೆ ಥಾರ್ನ್ಲಿ ತುಪ್ಪಳದ ಕಾಲರಿನ ಕೋಟು ತೊಟ್ಟು ಕುರ್ಚಿಯಲ್ಲಿ ಕೂತಿದ್ದ. ಬೈಯಲಿಲ್ಲ, ಗದರಲಿಲ್ಲ, ಸುಮ್ಮನೆ ತಲೆಯಾಡಿಸಿ, "ದುಃಖದ ದಿನ, ಗ್ರಿಮ್‌ಶಾ," ಎಂದ. ಗುಮಾಸ್ತ ಹೆಸರು ಕೇಳಿದ, ಮನೆ ಕೇಳಿದ.

"ಯಾರಿಗೆ?"

ಜೇಬೆಜ್ ಕೆಳಗೆ ನೋಡಿದ. ಜನರ ನಡುವೆ, ಮೊಣಕಾಲೆತ್ತರದಲ್ಲಿ, ಹಳದಿ ಮರದ ಪೆಟ್ಟಿಗೆ. ಅವನ ತುಟಿ ಅಲುಗಿತು.

"ಕೇಳಿಸ್ಲಿಲ್ಲ. ಜೋರಾಗಿ ಹೇಳಿ."

"ಥಾರ್ನ್ಲಿ," ಎಂದ ಜೇಬೆಜ್.

ಚೌಕವೆಲ್ಲ ಊಳಿಟ್ಟಿತು. ಯಾರೋ ಕೆಸರು ಎಸೆದರು. ಥಾರ್ನ್ಲಿಯ ಏಜೆಂಟನೊಬ್ಬ ಬಂದು ಕರಿ ಕೋಟಿಗೆ ನೀಲಿ ರಿಬ್ಬನ್ ಚುಚ್ಚಿದ. ಅದನ್ನು ಕೀಳಲು ಅವನ ಕೈ ಏಳಲಿಲ್ಲ.

ಕೆಳಗಿಳಿದು ಪೆಟ್ಟಿಗೆಯ ತನ್ನ ಮೂಲೆಗೆ ಕೈ ಹಾಕಿದಾಗ ಆಮೊಸ್ ಅಡ್ಡ ನಿಂತ. "ಮುಟ್ಟಬೇಡ. ಮುಟ್ಟಿದ್ರೆ ಅವನ ಪಕ್ಕದಲ್ಲೇ ನಿನಗೂ ಗುಂಡಿ ತೋಡ್ತೀನಿ."

"ಬಿಡು ಆಮೊಸ್," ಎಂದಳು ಟಬಿತಾ.

"ಅತ್ತಿಗೆ, ಮನೇಲಿ ನಾಲ್ಕು ಮಕ್ಕಳಿವೆ. ಬೀದಿಗೆ ತಳ್ತಾರೆ," ಎಂದ ಜೇಬೆಜ್.

"ಗೊತ್ತು ಕಣೋ. ನನ್ನ ಮಕ್ಕಳು ಹಸಿದಾಗ ಹಿಟ್ಟು ಹೊತ್ತು ತಂದೋನು ನೀನು. ಅದಕ್ಕೇ ನಿನ್ನ ಬೈಯಲ್ಲ." ಅವಳು ಅವನ ಕಣ್ಣಲ್ಲಿ ಕಣ್ಣಿಟ್ಟು ನೋಡಿದಳು. "ಹೆಗಲು ಮಾತ್ರ ಬೇಡ. ಸ್ಟೂಲು ಹಿಡ್ಕೊಂಡು ಹಿಂದೆ ಬಾ."

"ಯಾರಾದ್ರೂ ಒಬ್ಬರು ಬನ್ರಯ್ಯಾ," ಎಂದು ಆಮೊಸ್ ಕೂಗಿದ. ಆರೇಳು ಜನ ಮುಂದೆ ಬಂದರು. ಟಬಿತಾ ಅವರನ್ನು ಕೈಯಿಂದಲೇ ತಡೆದಳು. ಶಾಲು ಮಡಿಸಿ ಹೆಗಲ ಮೇಲಿಟ್ಟು, ಖಾಲಿ ಮೂಲೆಗೆ ಹೋಗಿ ಬಗ್ಗಿದಳು.

ನಾಲ್ವರೂ ಎದ್ದರು. ಅವಳು ಆಮೊಸ್‌ನ ಎದೆಯೆತ್ತರಕ್ಕೂ ಇರಲಿಲ್ಲ. ಪೆಟ್ಟಿಗೆ ಅವಳ ಕಡೆ ವಾಲಿತು. ಒಳಗೆ ಈನಕ್ ಜರುಗಿದ ಸದ್ದು ಹತ್ತಿರವಿದ್ದವರಿಗೆಲ್ಲ ಕೇಳಿಸಿತು. ಅವಳ ಕಾಲು ಕೆಸರಿನಲ್ಲಿ ಹೂತಿತು. ಕೆಳಗಿಳಿಸಿ ಎಂದು ಅವಳು ಹೇಳಲಿಲ್ಲ.

ಆಮೊಸ್ ಮೊದಲು ಮಂಡಿ ಬಗ್ಗಿಸಿದ. ಅವನನ್ನು ನೋಡಿ ಇನ್ನಿಬ್ಬರೂ ಬಗ್ಗಿಸಿದರು. ಪೆಟ್ಟಿಗೆ ಮಟ್ಟವಾಯಿತು. ಹಾಗೇ, ಮೂವರು ಎತ್ತರದ ಗಂಡಸರು ಅರ್ಧ ಕೂತವರಂತೆ, ತೊಡೆ ನಡುಗುತ್ತಾ, ಆ ಗಿಡ್ಡ ಹೆಂಗಸಿನ ಎತ್ತರಕ್ಕೆ ತಮ್ಮನ್ನು ಇಳಿಸಿಕೊಂಡು, ಚರ್ಚಿನ ಏರನ್ನು ಒಂದೊಂದೇ ಹೆಜ್ಜೆ ಹತ್ತತೊಡಗಿದರು.